ಎಂಟು ತಿಂಗಳ ಕ್ಲಾಟ್ ವೇಳಾಪಟ್ಟಿ: ಮಾಕ್ ಟೆಸ್ಟ್‌ಗೆ ಪೂರ್ಣ ಅಂಕ, ಕ್ಯಾಲೆಂಡರ್‌ಗೆ ಅರ್ಧ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ತರಬೇತಿ ಕೊಡುವ ಆನ್‌ಲೈನ್ ಸಂಸ್ಥೆಗಳು ಈಗ ಬರೀ ಪಾಠಗಳನ್ನು ಮಾರುತ್ತಿಲ್ಲ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಯಾವ ದಿನ ಏನು ಓದಬೇಕು, ಯಾವ ವಾರ ಯಾವ ಪರೀಕ್ಷೆ ಬರೆಯಬೇಕು ಎಂಬ ವೇಳಾಪಟ್ಟಿಯನ್ನೇ ಮುಖ್ಯ ಸರಕಾಗಿ ಮುಂದಿಡುತ್ತಿವೆ. ಹಾಸನದಲ್ಲಿ ನಮಗೆ ಒಪ್ಪುವಂಥ ತರಗತಿ ಸಿಗದ ಕಾರಣ, ದ್ವಿತೀಯ ಪಿಯುಸಿಗೆ ಕಾಲಿಡುತ್ತಿದ್ದ ಮಗಳಿಗಾಗಿ ಅಂಥದ್ದೊಂದು ಎಂಟು ತಿಂಗಳ ಯೋಜನೆಯನ್ನು ಕೊಂಡೆವು. ಅವಳು ಅದನ್ನು ಕೊನೆಯವರೆಗೂ ಬಳಸಿದ್ದನ್ನು ಪಕ್ಕದಲ್ಲೇ ಕುಳಿತು ನೋಡಿದವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಕೊಳ್ಳುವ ಮುನ್ನ ನಾವು ಹೋಲಿಸಿ ನೋಡಿದ ಯೋಜನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿದ್ದವು. ಆದ್ದರಿಂದ ಇಲ್ಲಿ ಹೇಳುವ ಗುಣದೋಷಗಳು ಓದುಗರಿಗೆ ಇನ್ನೊಂದು ಕಡೆಯೂ ಎದುರಾಗುವ ಸಾಧ್ಯತೆಯೇ ಹೆಚ್ಚು.

ಕೊಟ್ಟ ಹಣಕ್ಕೆ ಸಿಗುವುದು ಇಷ್ಟು: ಕೊರಿಯರ್‌ನಲ್ಲಿ ಬರುವ ಪುಸ್ತಕಗಳ ಒಂದು ಪೆಟ್ಟಿಗೆ, ದಿನಕ್ಕೊಂದು ಪುಟವಿರುವ ಮುದ್ರಿತ ಪ್ಲ್ಯಾನರ್, ಅದೇ ವೇಳಾಪಟ್ಟಿಯನ್ನು ತೋರಿಸುವ ಆ್ಯಪ್, ರೆಕಾರ್ಡ್ ಮಾಡಿದ ಹಾಗೂ ನೇರ ಪಾಠಗಳು, ತಿಂಗಳಿಗೊಂದು ಪ್ರಚಲಿತ ವಿದ್ಯಮಾನಗಳ ಸಂಚಿಕೆ, ಜುಲೈನಿಂದ ವಾರಕ್ಕೊಂದು ಮಾಕ್ ಟೆಸ್ಟ್ ಮತ್ತು ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಮಾತಾಡುವ ಒಬ್ಬ ಮೆಂಟರ್. ಶೇ 18ರ ಜಿಎಸ್‌ಟಿ ಸೇರಿದ ಮೇಲೆ ಶುಲ್ಕವು ನಮ್ಮ ಊರಿನ ಖಾಸಗಿ ಪಿಯು ಕಾಲೇಜೊಂದರ ವಾರ್ಷಿಕ ಶುಲ್ಕದ ಹತ್ತಿರ ಬಂದಿತು. ಜಾಹೀರಾತಿನಲ್ಲಿ ತೋರಿಸುವ ದರ ತೆರಿಗೆ ಸೇರದ ದರ ಎಂಬುದನ್ನು ಹಣ ಕಟ್ಟುವ ಪುಟಕ್ಕೆ ಬರುವವರೆಗೆ ಎಲ್ಲಿಯೂ ಸ್ಪಷ್ಟವಾಗಿ ಹೇಳಿರಲಿಲ್ಲ.

ಈ ಸರಕನ್ನು ತೂಗಿ ನೋಡಲು ಪರೀಕ್ಷೆಯ ಸ್ವರೂಪ ಗೊತ್ತಿರಬೇಕು. ಕ್ಲಾಟ್ ಮೊದಲು ನಡೆದದ್ದು 2008ರಲ್ಲಿ. ಅದಕ್ಕೂ ಮುಂಚೆ ಪ್ರತಿಯೊಂದು ಕಾನೂನು ವಿಶ್ವವಿದ್ಯಾಲಯ ತನ್ನದೇ ಪರೀಕ್ಷೆ ನಡೆಸುತ್ತಿತ್ತು. 2019ರಿಂದ ವಿಶ್ವವಿದ್ಯಾಲಯಗಳ ಒಕ್ಕೂಟವೇ ಅದನ್ನು ನಡೆಸುತ್ತಿದೆ. 2020ರಲ್ಲಿ ಪರೀಕ್ಷೆಯ ಮೈಕಟ್ಟೇ ಬದಲಾಯಿತು. ಬಿಡಿ ಪ್ರಶ್ನೆಗಳು ಹೋಗಿ, ಸುಮಾರು 450 ಪದಗಳ ಗದ್ಯಭಾಗವನ್ನು ಕೊಟ್ಟು ಅದರ ಕೆಳಗೆ ಪ್ರಶ್ನೆ ಕೇಳುವ ಕ್ರಮ ಬಂತು. 2023ರ ಡಿಸೆಂಬರ್‌ನಲ್ಲಿ ನಡೆದ ಪರೀಕ್ಷೆಯಿಂದ ಪ್ರಶ್ನೆಗಳ ಸಂಖ್ಯೆ 150ರಿಂದ 120ಕ್ಕೆ ಇಳಿಯಿತು. ಅವಧಿ ಮಾತ್ರ 120 ನಿಮಿಷವೇ ಉಳಿಯಿತು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಾಗುತ್ತದೆ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕಗಳಿಗೆ ತಲಾ 28ರಿಂದ 32 ಪ್ರಶ್ನೆ, ಇಂಗ್ಲಿಷ್ ಮತ್ತು ತಾರ್ಕಿಕ ಸಾಮರ್ಥ್ಯಕ್ಕೆ ತಲಾ 22ರಿಂದ 26, ಗಣಿತಕ್ಕೆ 10ರಿಂದ 14. ಅಂದರೆ ಒಂದೇ ಮಧ್ಯಾಹ್ನದಲ್ಲಿ, ಇಂಗ್ಲಿಷಿನಲ್ಲಿ, ಇಪ್ಪತ್ತಕ್ಕೂ ಹೆಚ್ಚು ಗದ್ಯಭಾಗಗಳನ್ನು ಓದಿ ಅರ್ಥಮಾಡಿಕೊಂಡು, ಪೆನ್ನಿನಿಂದ ಒಎಂಆರ್ ಹಾಳೆಯ ವೃತ್ತಗಳನ್ನು ತುಂಬಬೇಕು. ಅಧ್ಯಾಯಗಳನ್ನು ಮುಗಿಸಿ ಗೆಲ್ಲುವ ಪರೀಕ್ಷೆ ಇದಲ್ಲ, ಓದುವ ಕಸುವನ್ನು ತಿಂಗಳುಗಟ್ಟಲೆ ಬೆಳೆಸಿಕೊಂಡು ಬರೆಯುವ ಪರೀಕ್ಷೆ. ಕೊಂಡ ವೇಳಾಪಟ್ಟಿ ಈ ಸಂಗತಿಯನ್ನು ಅರ್ಧ ಮಾತ್ರ ಅರಿತಿತ್ತು ಎಂಬುದೇ ನನ್ನ ಮುಖ್ಯ ಆಕ್ಷೇಪ.

ಮೊದಲು ಕ್ಯಾಲೆಂಡರ್‌ನ ವಿಷಯ. ಹಿಂದೆ ಕ್ಲಾಟ್ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತಿದ್ದುದರಿಂದ ಪಿಯುಸಿ ಪರೀಕ್ಷೆ ಮುಗಿಸಿ ಬಿಡುವಾಗಿ ಎರಡು ತಿಂಗಳು ಓದುವ ಅವಕಾಶವಿತ್ತು. ಈಗಿನ ದಿನಾಂಕಗಳನ್ನು ನೋಡಿ: 2022ರಲ್ಲಿ ಡಿಸೆಂಬರ್ 18, 2023ರಲ್ಲಿ ಡಿಸೆಂಬರ್ 3, 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7. ದ್ವಿತೀಯ ಪಿಯುಸಿಯ ನಟ್ಟನಡುವೆ ಪರೀಕ್ಷೆ ಬರುತ್ತದೆ. ಇಂಥ ಸ್ಥಿತಿಯಲ್ಲಿ ಕಾಲೇಜಿನ ವರ್ಷವನ್ನು ಬದಿಗಿಟ್ಟು ಕ್ಲಾಟ್‌ನ ವೇಳಾಪಟ್ಟಿ ಮಾಡುವುದು ಸಾಧ್ಯವೇ ಇಲ್ಲ. ಆದರೆ ನಮಗೆ ಬಂದ ಪ್ಲ್ಯಾನರ್ ಸಿಬಿಎಸ್‌ಇ ಮಕ್ಕಳನ್ನು, ಅದರಲ್ಲೂ ಉತ್ತರ ಭಾರತದ ಮಹಾನಗರಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ್ದೆಂಬುದು ಪುಟ ತಿರುಗಿಸಿದ ಕೂಡಲೇ ತಿಳಿಯುತ್ತಿತ್ತು. ಅಲ್ಲಿ ಹನ್ನೆರಡನೇ ತರಗತಿ ಏಪ್ರಿಲ್‌ನಲ್ಲೇ ಆರಂಭವಾಗುವುದರಿಂದ ಆ ತಿಂಗಳ ಪುಟಗಳನ್ನು ಹಗುರವಾಗಿಟ್ಟಿದ್ದರು. ನಮ್ಮಲ್ಲಿ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಜೂನ್‌ನಲ್ಲಿ ಕಾಲೇಜು ತೆರೆಯುವವರೆಗಿನ ಬೇಸಿಗೆಯೇ ಇಡೀ ವರ್ಷದಲ್ಲಿ ಸಿಗುವ ದೊಡ್ಡ ಬಿಡುವು. ಆ ಬಿಡುವಿನಲ್ಲಿ ಪ್ಲ್ಯಾನರ್ ನಮ್ಮ ಮಗಳಿಗೆ ದಿನಕ್ಕೆ ಒಂದೂವರೆ ಗಂಟೆಯ ಕೆಲಸ ಕೊಟ್ಟಿತ್ತು. ಕಾಲೇಜಿನ ಕಿರುಪರೀಕ್ಷೆ, ಅಸೈನ್‌ಮೆಂಟ್, ಅರ್ಧವಾರ್ಷಿಕ ಎಲ್ಲವೂ ಒಂದರ ಮೇಲೊಂದು ಬೀಳುವ ಕಾಲದಲ್ಲಿ ಅದೇ ಪ್ಲ್ಯಾನರ್ ದಿನಕ್ಕೆ ಐದು ಗಂಟೆ ಕೇಳಿತು. ಕಾಲೇಜಿನ ಪರೀಕ್ಷೆಯ ದಿನಾಂಕಗಳನ್ನು ಬರೆದುಕೊಳ್ಳಲು ಅದರಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ದೀಪಾವಳಿಗೆ ಐದು ದಿನ ಖಾಲಿ ಬಿಟ್ಟವರು ದಸರಾ ರಜೆಯ ಸುಳಿವೇ ಇಲ್ಲದಂತೆ ಪುಟ ತುಂಬಿಸಿದ್ದರು.

ವಾರದಲ್ಲಿ ಒಂದು ದಿನವಾದರೂ ಉಳಿಕೆ ಕೆಲಸಕ್ಕೆಂದು ಖಾಲಿ ಇರಬೇಕಿತ್ತು, ಅದೂ ಇರಲಿಲ್ಲ. ಇದರ ಫಲವನ್ನು ಆ್ಯಪ್‌ನಲ್ಲಿ ಕಣ್ಣಾರೆ ಕಂಡೆವು. ಮುಗಿಸದ ಪಾಠಗಳ ಸಂಖ್ಯೆ ಮುಖಪುಟದ ಮೇಲ್ತುದಿಯಲ್ಲಿ ಕೆಂಪು ಅಂಕಿಯಾಗಿ ಕಾಣುತ್ತದೆ. ಒಂದು ವಾರ ಜ್ವರ ಬಂದರೆ ಅದು ಹಿಗ್ಗುತ್ತದೆ, ಒಂದು ಮದುವೆಗೆ ಹೋಗಿ ಬಂದರೆ ಇನ್ನಷ್ಟು ಹಿಗ್ಗುತ್ತದೆ. ಅದನ್ನು ಅಳಿಸುವ ಅಧಿಕಾರ ವಿದ್ಯಾರ್ಥಿಗೆ ಇಲ್ಲ. ಮಗಳು ಕಂಡುಕೊಂಡ ಉಪಾಯವೆಂದರೆ ಆ ಅಂಕಿಯನ್ನು ಇಳಿಸುವುದಕ್ಕೆಂದೇ ರೆಕಾರ್ಡ್ ಮಾಡಿದ ಪಾಠಗಳನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಪಕ್ಕದಲ್ಲಿ ಬೇರೇನೋ ಓದುತ್ತ, ಟಿಕ್ ಬೀಳಿಸಿಕೊಳ್ಳುವುದು. ಆ್ಯಪ್‌ನ ಲೆಕ್ಕದಲ್ಲಿ ಅವಳು ಆಗ ಅತ್ಯಂತ ಶ್ರಮಜೀವಿ. ಅಭಿನಂದನೆಯ ಸಂದೇಶವೂ ಬಂತು. ಕಡೆಗೆ ಮೆಂಟರ್ ಅವರಿಗೆ ಹೇಳಿ ಅವರ ಕಡೆಯಿಂದಲೇ ಬಾಕಿ ಪಟ್ಟಿಯನ್ನು ಸೊನ್ನೆಗೆ ತರಿಸಿದೆವು. ಹಾಗೆ ಮಾಡಲು ಸಾಧ್ಯ ಎಂಬುದನ್ನು ಸಂಸ್ಥೆ ತಾನಾಗಿ ಎಲ್ಲಿಯೂ ತಿಳಿಸಿಲ್ಲವಾದ್ದರಿಂದ, ಕೊಂಡವರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ವಿಷಯಗಳಿಗೆ ಸಮಯ ಹಂಚಿದ ಬಗೆಯಲ್ಲೂ ಯೋಚನೆ ಸಾಲದು. ಮೊದಲ ಮೂರು ತಿಂಗಳು ಐದೂ ವಿಭಾಗಗಳಿಗೆ ಸರಿಸಮಾನ ಸಮಯ. ಒಟ್ಟು ಪ್ರಶ್ನೆಗಳಲ್ಲಿ ಹತ್ತನೇ ಒಂದು ಭಾಗದ ಗಣಿತಕ್ಕೂ ಕಾಲು ಭಾಗದ ಕಾನೂನು ತರ್ಕಕ್ಕೂ ಒಂದೇ ಅಳತೆ. ಹಾಗೆಂದು ಗಣಿತವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಮಗಳು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಎಚ್‌ಇಪಿಎಸ್ ಓದುವವಳು. ಎಸ್ಸೆಸ್ಸೆಲ್ಸಿಯ ನಂತರ ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಪರೀಕ್ಷೆ ಕೇಳುವುದು ಶೇಕಡಾವಾರು, ಅನುಪಾತ, ಸರಾಸರಿ, ಕೋಷ್ಟಕ ಓದುವುದು ಮುಂತಾದ ಹತ್ತನೇ ತರಗತಿಯ ಮಟ್ಟದ ಲೆಕ್ಕಗಳನ್ನೇ. ಅದಕ್ಕೆ ವಾರಕ್ಕೆ ಮೂರು ದಿನ ಉದ್ದುದ್ದ ಪಾಠ ಕೇಳುವುದಕ್ಕಿಂತ ದಿನವೂ ಅರ್ಧ ಗಂಟೆ ಪೆನ್ಸಿಲ್ ಹಿಡಿದು ಲೆಕ್ಕ ಮಾಡುವುದೇ ಸರಿ ಎಂದು ಅವಳ ಹಳೆಯ ಹೈಸ್ಕೂಲು ಮೇಷ್ಟ್ರು ಹೇಳಿದರು, ಅದರಂತೆ ನಡೆಯಿತು. ಪ್ಲ್ಯಾನರ್‌ನ ಗಣಿತದ ಪುಟಗಳು ಖಾಲಿ ಉಳಿದವು.

ಪುಸ್ತಕಗಳ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಗದ, ಮುದ್ರಣ ಚೆನ್ನಾಗಿವೆ. ಒಳಗಿರುವುದು ಹಳೆಯ ದಾಸ್ತಾನು. ಕಾನೂನಿನ ಪುಸ್ತಕದ ಅರ್ಧದಷ್ಟು ಪುಟಗಳಲ್ಲಿ ಲ್ಯಾಟಿನ್ ಸೂತ್ರಗಳ ಪಟ್ಟಿಯೂ ಭಾರತೀಯ ದಂಡ ಸಂಹಿತೆಯ ಕಲಂಗಳೂ ತುಂಬಿದ್ದವು. ಆ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಜೊತೆಗೇ ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳೂ ಹೋಗಿ ಹೊಸವು ಬಂದಿವೆ. ಕಲಂ ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಅಗತ್ಯ ಈ ಪರೀಕ್ಷೆಗೆ ಇಲ್ಲವಾದರೂ, ಮೂರು ಮುಖ್ಯ ಕಾನೂನುಗಳ ಬದಲಾವಣೆ ಪ್ರಚಲಿತ ವಿದ್ಯಮಾನದ ದೃಷ್ಟಿಯಿಂದಲಾದರೂ ಗೊತ್ತಿರಬೇಕಾದದ್ದು. ಈ ಕೊರತೆಯನ್ನು ತಿಳಿಸಿ ಮಿಂಚಂಚೆ ಕಳುಹಿಸಿದಾಗ ಹನ್ನೆರಡು ಪುಟಗಳ ತಿದ್ದುಪಡಿ ಪಿಡಿಎಫ್ ಬಂತು. ಅದು ಮೊದಲೇ ಪೆಟ್ಟಿಗೆಯಲ್ಲಿ ಇರಬೇಕಿತ್ತು.

ಇಷ್ಟು ಆಕ್ಷೇಪಗಳ ನಂತರವೂ ಈ ಸೇವೆಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಾರಣ ಅದರ ಮಾಕ್ ಟೆಸ್ಟ್‌ಗಳು ಮತ್ತು ಆ ಪರೀಕ್ಷೆಗಳ ಮೇಲೆ ಮೆಂಟರ್ ಮಾಡಿಸಿದ ಕೆಲಸ. ಪ್ರಶ್ನೆಪತ್ರಿಕೆಗಳ ಗುಣಮಟ್ಟ ಒಕ್ಕೂಟದ ಹಳೆಯ ಪ್ರಶ್ನೆಪತ್ರಿಕೆಗಳ ಪಕ್ಕದಲ್ಲಿಟ್ಟು ನೋಡಿದರೂ ನಾಚುವಂತಿರಲಿಲ್ಲ. ಗದ್ಯಭಾಗಗಳನ್ನು ತೀರ್ಪುಗಳಿಂದ, ಸಂಪಾದಕೀಯದಂಥ ಬರಹಗಳಿಂದ ಆಯ್ದು, ಆಯ್ಕೆಗಳನ್ನು ನಿಜವಾಗಿಯೂ ಯೋಚಿಸಿ ಹೆಣೆದಿದ್ದರು. ಪ್ರತಿ ಪರೀಕ್ಷೆಯ ಮಾರನೆಯ ದಿನ ಅಷ್ಟೇ ಹೊತ್ತನ್ನು, ಅಂದರೆ ಎರಡು ಗಂಟೆಯನ್ನು, ತಪ್ಪುಗಳ ಪರಿಶೀಲನೆಗೆ ಮೀಸಲಿಡಬೇಕೆಂಬುದು ಮೆಂಟರ್ ಹಾಕಿದ ಕಟ್ಟಳೆ. ಇನ್ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಸಿದರು: ಪ್ರಶ್ನೆ ಸಂಖ್ಯೆ, ಬರೆದ ಉತ್ತರ, ಸರಿಯುತ್ತರ, ತಪ್ಪಿದ ಕಾರಣ. ಕಾರಣದ ಕಾಲಂನಲ್ಲಿ ‘ಗೊತ್ತಿರಲಿಲ್ಲ’ ಎಂದು ಬರೆಯುವಂತಿಲ್ಲ. ಗದ್ಯವನ್ನು ತಪ್ಪಾಗಿ ಓದಿದ್ದೇ, ಎರಡು ಆಯ್ಕೆಗಳ ನಡುವೆ ಎಡವಿದ್ದೇ, ಸಮಯ ಸಾಲದೆ ಊಹಿಸಿದ್ದೇ, ಗದ್ಯದಲ್ಲಿ ಇಲ್ಲದ್ದನ್ನು ಹೊರಗಿನಿಂದ ತಂದದ್ದೇ ಎಂಬುದನ್ನು ಹೇಳಲೇಬೇಕು.

ಆ ಕೊನೆಯ ಬಗೆಯ ತಪ್ಪು ಕಾನೂನು ತರ್ಕದಲ್ಲಿ ಹೇಗೆ ಆಗುತ್ತದೆ ಎಂಬುದಕ್ಕೆ ಅವಳ ನೋಟ್‌ಬುಕ್‌ನದೇ ಒಂದು ಉದಾಹರಣೆ. ಅಪ್ರಾಪ್ತ ವಯಸ್ಕರೊಂದಿಗೆ ಮಾಡಿಕೊಂಡ ಕರಾರು ಆರಂಭದಿಂದಲೇ ಅನೂರ್ಜಿತ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿದ್ದು ತರಬೇತಿಯ ಪ್ರತಿಯೊಂದು ಪುಸ್ತಕದಲ್ಲೂ ಇರುತ್ತದೆ. ಮಾಕ್ ಟೆಸ್ಟ್‌ನ ಗದ್ಯಭಾಗ ಆ ನಿಯಮವನ್ನು ಹೇಳಿ, ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಪಡೆದ ವಸ್ತು ಇನ್ನೂ ಆ ಅಪ್ರಾಪ್ತನ ಕೈಯಲ್ಲೇ ಇದ್ದರೆ ಅದನ್ನು ಹಿಂದಿರುಗಿಸಬೇಕೆಂಬ ಮಾತನ್ನೂ ಕೊನೆಯ ಸಾಲುಗಳಲ್ಲಿ ಸೇರಿಸಿತ್ತು. ಪ್ರಶ್ನೆಯಲ್ಲಿ ಹದಿನೇಳರ ಹುಡುಗನೊಬ್ಬ ವಯಸ್ಸು ಮುಚ್ಚಿಟ್ಟು ಬೈಕ್ ಕೊಂಡಿದ್ದಾನೆ, ಬೈಕ್ ಅವನ ಮನೆಯಂಗಳದಲ್ಲೇ ನಿಂತಿದೆ. ಮಗಳು ಪ್ರಕರಣ ನೆನಪಾದ ಸಂಭ್ರಮದಲ್ಲಿ ‘ಯಾವ ಹೊಣೆಯೂ ಇಲ್ಲ’ ಎಂಬ ಆಯ್ಕೆಗೆ ಗುರುತು ಹಾಕಿದಳು. ಪ್ರಕರಣದ ಹೆಸರೇ ಕೇಳದ ಮಗುವಾಗಿದ್ದರೆ ಗದ್ಯವನ್ನು ಕೊನೆಯವರೆಗೆ ಓದಿ ಸರಿಯುತ್ತರ ಬರೆಯುತ್ತಿತ್ತೋ ಏನೋ. ಇಂಥ ತಪ್ಪುಗಳು ಆಗಸ್ಟ್‌ನ ಪುಟಗಳಲ್ಲಿ ಸಾಲುಸಾಲಾಗಿದ್ದು ಅಕ್ಟೋಬರ್ ಹೊತ್ತಿಗೆ ಅಪರೂಪವಾದವು. ಆ ಬದಲಾವಣೆಯನ್ನು ತಂದದ್ದು ಪಾಠವಲ್ಲ, ನೋಟ್‌ಬುಕ್. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದಾಗ ಕಾಲು ಅಂಕದ ಕಡಿತಕ್ಕೆ ಹೆದರಿ ಪ್ರಶ್ನೆ ಬಿಡಬಾರದು, ಲೆಕ್ಕ ಹಾಕಿದರೆ ಊಹೆಯಲ್ಲೇ ಲಾಭ ಎಂಬುದನ್ನೂ ಮೆಂಟರ್ ಅಂಕಗಳನ್ನು ಬಿಡಿಸಿ ತೋರಿಸಿಯೇ ಮನವರಿಕೆ ಮಾಡಿಕೊಟ್ಟರು.

ಮಾಕ್ ಟೆಸ್ಟ್‌ಗಳಲ್ಲೂ ಒಂದು ಕುಂದಿದೆ, ಅದು ಸಣ್ಣದಲ್ಲ. ಆ್ಯಪ್ ಅವನ್ನು ಪರದೆಯ ಮೇಲೆ ಬರೆಸುತ್ತದೆ, ಅದೂ ಭಾನುವಾರ ಸಂಜೆ. ನಿಜವಾದ ಪರೀಕ್ಷೆ ನಡೆಯುವುದು ಕಾಗದದ ಮೇಲೆ, ಮಧ್ಯಾಹ್ನ 2ರಿಂದ 4ರವರೆಗೆ. ಬೆರಳಿನಿಂದ ಆಯ್ಕೆಯನ್ನು ಒತ್ತುವುದಕ್ಕೂ, ಪುಟ ಮಗುಚುತ್ತ, ಗದ್ಯದಲ್ಲಿ ಗೆರೆ ಎಳೆಯುತ್ತ, ನೂರಿಪ್ಪತ್ತು ವೃತ್ತಗಳನ್ನು ಪೆನ್ನಿನಿಂದ ತುಂಬುವುದಕ್ಕೂ ತಗಲುವ ಹೊತ್ತು ಬೇರೆ ಬೇರೆ. ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವಂತೆಯೂ ಇಲ್ಲ. ನಾವು ಪ್ರಶ್ನೆಪತ್ರಿಕೆಯ ಪಿಡಿಎಫ್ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮಾದರಿ ಒಎಂಆರ್ ಹಾಳೆಯ ಕಟ್ಟೊಂದನ್ನು ತಂದು, ಭಾನುವಾರ ಊಟವಾದ ಮೇಲೆ ಎರಡು ಗಂಟೆಗೆ ಸರಿಯಾಗಿ ಬರೆಯಲು ಕೂರಿಸಿದೆವು. ಹೊಟ್ಟೆ ತುಂಬಿದ ಮೇಲೆ ಕಣ್ಣೆಳೆಯುವ ಆ ಹೊತ್ತಿನಲ್ಲಿ ಅವಳ ಅಂಕ ಮೊದಲೆರಡು ಸಲ ಇಳಿದೇ ಹೋಯಿತು. ಅದು ಮನೆಯಲ್ಲೇ ಗೊತ್ತಾದದ್ದು ಒಳ್ಳೆಯದಾಯಿತು. ಇಷ್ಟು ಶುಲ್ಕ ಪಡೆಯುವ ಸಂಸ್ಥೆ ಪುಸ್ತಕಗಳ ಬದಲು ಮುದ್ರಿತ ಮಾಕ್ ಟೆಸ್ಟ್‌ಗಳನ್ನೂ ಒಎಂಆರ್ ಹಾಳೆಗಳನ್ನೂ ಕೊರಿಯರ್ ಮಾಡಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು.

ಪ್ರಚಲಿತ ವಿದ್ಯಮಾನಗಳ ಮಾಸಿಕ ಸಂಚಿಕೆ ಒಳ್ಳೆಯದೇ, ಆದರೆ ಗಾತ್ರ ವಿಪರೀತ. ಈ ವಿಭಾಗದಲ್ಲೂ ಗದ್ಯಭಾಗ ಕೊಡುತ್ತಾರಾದರೂ ಉತ್ತರ ಅದರೊಳಗೇ ಇರುತ್ತದೆಂಬ ಭರವಸೆ ಇಲ್ಲ. ಚುನಾವಣಾ ಬಾಂಡ್ ಕುರಿತ ಬರಹ ಕೊಟ್ಟು, ಬರಹದಲ್ಲಿ ಇಲ್ಲದ ಸಂಗತಿಯನ್ನು ಕೇಳಬಹುದು. ಹಾಗಾಗಿ ಸಂಚಿಕೆಯ ಓದನ್ನು ಡಿಸೆಂಬರ್‌ವರೆಗೆ ಬಿಡುವಂತಿಲ್ಲ. ವೇಳಾಪಟ್ಟಿ ಇದನ್ನು ರಾತ್ರಿಯ ಕೊನೆಯ ಒಂದು ಗಂಟೆಗೆ ತಳ್ಳಿತ್ತು, ತಿಂಗಳ ಕೊನೆಯಲ್ಲಿ ಪುನರಾವರ್ತನೆಗೆ ದಿನ ಕೊಟ್ಟಿರಲಿಲ್ಲ. ಮಗಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ, ಬೆಳಿಗ್ಗೆ ಪ್ರಜಾವಾಣಿಯಲ್ಲಿ ಸುದ್ದಿಯ ಹಿನ್ನೆಲೆಯನ್ನು ಓದಿ, ಅದೇ ವಿಷಯದ ಮೇಲೆ ದಿ ಹಿಂದೂ ಪತ್ರಿಕೆಯ ಸಂಪಾದಕೀಯವನ್ನು ಆಮೇಲೆ ಓದುವ ಕ್ರಮವನ್ನು ಮನೆಯಲ್ಲೇ ರೂಢಿಸಿದೆವು. ವಿಷಯ ಮೊದಲೇ ತಿಳಿದಿದ್ದರೆ ಇಂಗ್ಲಿಷಿನ ವಾಕ್ಯ ಎಷ್ಟೇ ಉದ್ದವಿದ್ದರೂ ದಾರಿ ತಪ್ಪುವುದಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಮೊದಲ ಮೂರು ತಿಂಗಳು ಓದುವ ವೇಗ ಬೆಳೆಸುವುದಕ್ಕೇ ಬೇಕು. ಸಂಸ್ಥೆಯ ಯೋಜನೆಯಲ್ಲಿ ಅಂಥ ಮಗುವೊಂದು ಇರಬಹುದೆಂಬ ಕಲ್ಪನೆಯೇ ಇರಲಿಲ್ಲ. ಮೆಂಟರ್ ಮಾತ್ರ ಎರಡನೇ ಕರೆಯಲ್ಲೇ ಇದನ್ನು ಗುರುತಿಸಿ, ಶಬ್ದಪಟ್ಟಿಗಳನ್ನು ಬದಿಗಿಟ್ಟು ದಿನಕ್ಕೆ ಎರಡು ದೀರ್ಘ ಲೇಖನಗಳನ್ನು ಗಡಿಯಾರ ಇಟ್ಟುಕೊಂಡು ಓದಲು ಹೇಳಿದರು. ಅವರು ಉತ್ತರ ಭಾರತದವರು, ಸ್ವತಃ ಕಾನೂನು ವಿದ್ಯಾರ್ಥಿನಿ. ನಮ್ಮೊಡನೆ ಮಾತಾಡುವಾಗ ತಾಳ್ಮೆಯಿಂದ ನಿಧಾನವಾಗಿ ಇಂಗ್ಲಿಷ್ ಬಳಸುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅವರ ಸ್ವಂತ ಪರೀಕ್ಷೆಗಳು ಬಂದಾಗ ಎರಡು ಕರೆಗಳು ತಪ್ಪಿದವು, ಬದಲಿಗೆ ಯಾರನ್ನೂ ನೇಮಿಸಲಿಲ್ಲ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ಗೆ ಸೇರಿಲ್ಲ, ಐಲೆಟ್ ಎಂಬ ಬೇರೆ ಪರೀಕ್ಷೆ ನಡೆಸುತ್ತದೆ; 2024ರಲ್ಲೂ 2025ರಲ್ಲೂ ಅದು ಕ್ಲಾಟ್ ಮುಗಿದ ಮುಂದಿನ ಭಾನುವಾರವೇ ಬಂತು. ಪ್ಲ್ಯಾನರ್ ಅದಕ್ಕೆ ಕೊನೆಯ ಆರು ಪುಟ ಕೊಟ್ಟು ಕೈತೊಳೆದುಕೊಂಡಿದೆ. ಡಿಸೆಂಬರ್ ನಂತರದ ಯೋಜನೆಯಂತೂ ಇಲ್ಲವೇ ಇಲ್ಲ. ಜನವರಿಯ ಪೂರ್ವಸಿದ್ಧತಾ ಪರೀಕ್ಷೆ, ಅದರ ಬೆನ್ನಿಗೆ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ (2025ರಲ್ಲಿ ಅದು ಮಾರ್ಚ್ 1ರಂದೇ ಶುರುವಾಯಿತು) ಇರುವಾಗ, ಎಂಟು ತಿಂಗಳು ಹಿಂದೆ ಬಿದ್ದ ಪಿಯು ಪಾಠಗಳನ್ನು ಹಿಡಿಯುವುದು ಹೇಗೆಂಬುದೂ ಈ ವೇಳಾಪಟ್ಟಿಯದೇ ಹೊಣೆ ಎಂದು ನನ್ನ ಅಭಿಪ್ರಾಯ. ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕಗಳೇ ಆಧಾರ. ಕ್ಲಾಟ್ ಕೈಕೊಟ್ಟರೆ ಉಳಿಯುವ ದಾರಿ ಅದು. ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ 2021ರಿಂದ ಇರುವ ಶೇ 25ರ ಮೀಸಲಾತಿಯ ವಿಷಯವನ್ನು ನಾವು ಬೇರೆ ಕಡೆಯಿಂದ ತಿಳಿದುಕೊಂಡೆವು. ಅರ್ಜಿ ತುಂಬುವ ಕುರಿತ ಸಂಸ್ಥೆಯ ಕಾರ್ಯಕ್ರಮದಲ್ಲಿ ಅದರ ಪ್ರಸ್ತಾಪವೇ ಬರಲಿಲ್ಲ.

ಯಾರು ಕೊಳ್ಳಬಹುದು ಎಂದು ಕೇಳಿದರೆ, ಮನೆಯಲ್ಲಿ ಅಥವಾ ಕಾಲೇಜಿನಲ್ಲಿ ತಪ್ಪುಗಳನ್ನು ತಿದ್ದಿ ಹೇಳುವವರು ಇಲ್ಲದ ಮಗುವಿಗೆ ಮೆಂಟರ್ ಸಮೇತವಾದ ಮಾಕ್ ಟೆಸ್ಟ್ ಯೋಜನೆ ತೆಗೆದುಕೊಳ್ಳಿ ಎನ್ನುತ್ತೇನೆ. ಪೂರ್ಣ ಕೋರ್ಸ್ ಬೇಡ. ಹೀಗೆ ಬಿಡಿಯಾಗಿ ಕೊಡುವ ಯೋಜನೆಯನ್ನು ಜಾಲತಾಣದಲ್ಲಿ ಮುಂದೆ ಕಾಣಿಸುವುದಿಲ್ಲ, ಫೋನ್ ಮಾಡಿ ಕೇಳಿದರೆ ಸಿಗುತ್ತದೆ. ವೇಳಾಪಟ್ಟಿಯನ್ನು ಕಾಲೇಜಿನ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನೀವೇ ಬರೆಯಿರಿ: ಬೇಸಿಗೆಯಲ್ಲಿ ಓದಿನ ಭಾರ, ಜೂನ್‌ನಿಂದ ವಾರಕ್ಕೊಂದು ಖಾಲಿ ದಿನ, ದಸರಾ ರಜೆಯಲ್ಲಿ ದಿನ ಬಿಟ್ಟು ದಿನ ಪೂರ್ಣ ಪ್ರಶ್ನೆಪತ್ರಿಕೆ, ಕೊನೆಯ ವಾರದಲ್ಲಿ ಹೊಸದೇನೂ ಇಲ್ಲ. ಫೋನ್ ಮಾಡಿದಾಗ ಮೂರು ವಿಷಯ ಕೇಳಿ ಬರಹದಲ್ಲಿ ಪಡೆಯಿರಿ. ಮೆಂಟರ್ ಮಧ್ಯೆ ಬಿಟ್ಟುಹೋದರೆ ಎಷ್ಟು ದಿನದೊಳಗೆ ಬದಲಿ ಕೊಡುತ್ತಾರೆ? ಪುಸ್ತಕಗಳ ಪರಿಷ್ಕರಣೆಯ ವರ್ಷ ಯಾವುದು? ನಡುವೆ ಕೋರ್ಸ್ ಬಿಟ್ಟರೆ ಹಣ ಹಿಂದಿರುಗುವ ಕ್ರಮವೇನು? ಕೊನೆಯದಕ್ಕೆ ಮಾರಾಟ ವಿಭಾಗದವರು ‘ನಮ್ಮಲ್ಲಿ ರೀಫಂಡ್ ಇಲ್ಲ’ ಎಂದು ಚುಟುಕಾಗಿ ಹೇಳಿ ಮುಗಿಸಿದರೆ, ಕೋರ್ಸನ್ನು ನಡುವೆ ಬಿಡುವ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿಯಲ್ಲಿ ಇದೆ ಎಂದು ನೆನಪಿಸಿ, ಅದಕ್ಕೆ ಬರುವ ಉತ್ತರವನ್ನು ಕೇಳಿಸಿಕೊಂಡ ಮೇಲೆಯೇ ಹಣ ಕಟ್ಟಿ.